ಮುನಿರಾಜಣ್ಣ ಕೇಳಿದ ಇಂಗ್ಲಿಷ್ ಪ್ಲೇಟು

ಹೋದ ತಿಂಗಳು ಮಿಕ್ಸಿ ರಿಪೇರಿ ಮಾಡಿಸಲು ಯಶವಂತಪುರದ ಮಾರ್ಕೆಟ್ ಹಿಂದಿನ ಸಣ್ಣ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಹಳೆಯ ಆಂಪ್ಲಿಫೈಯರೊಂದರ ಮುಚ್ಚಳ ಬಿಚ್ಚಿಟ್ಟು, ಕರೆಂಟು ಕೊಟ್ಟು ನೋಡುತ್ತಿದ್ದ. ಒಳಗಿನ ಧೂಳು ಕಾಯತೊಡಗಿ ಒಂದು ವಾಸನೆ ಎದ್ದಿತು. ಇನ್ನೇನು ಏನೋ ಸುಡುತ್ತದೆ ಅನ್ನಿಸುವ ವಾಸನೆ. ನನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದೆ. "ಶಾಕ್ ಏನೂ ಹೊಡಿಯಲ್ಲ ಮೇಡಂ, ಬನ್ನಿ" ಎಂದು ಅವನು ನಕ್ಕ. ಹೊರಗೆ ಈರುಳ್ಳಿ ಲಾರಿಗಳು ಹಾರನ್ ಮಾಡುತ್ತಿದ್ದವು, ಮೋಡ ಕವಿದಿತ್ತು. ಮಿಕ್ಸಿಯನ್ನು ಅಲ್ಲೇ ಬಿಟ್ಟು ನಾಗಸಂದ್ರದ ಮೆಟ್ರೋ ಹತ್ತಿದೆ. ಮನೆ ಮುಟ್ಟುವವರೆಗೂ ಆ ಒಂದು ಮಳೆಗಾಲ ನನ್ನ ಪಕ್ಕದ ಸೀಟಿನಲ್ಲೇ ಕೂತು ಬಂದ ಹಾಗಿತ್ತು.

ಯಲಹಂಕದ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಕೆಲಸ ಸಿಕ್ಕಿ ನಾನು ಗದಗ ಬಿಟ್ಟು ಬಂದ ವರ್ಷ ಅದು. ಹಳೇ ಊರಿನ ಬೀದಿಯೊಂದು ಇಳಿಯುತ್ತ ಇಳಿಯುತ್ತ ಹೋಗಿ ಮುಗಿಯುವ ಜಾಗದಲ್ಲಿ ಮುನಿರಾಜಣ್ಣನ ಮನೆ. ಮಹಡಿಯ ಮೇಲೆ ನನ್ನದೊಂದು ರೂಮು, ಕೆಳಗೆ ಮುನಿರಾಜಣ್ಣ ಮತ್ತು ಅವರ ಹೆಂಡತಿ ಜಯಮ್ಮ. ಒಬ್ಬಳೇ ಮಗಳನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿದ್ದರು. ಮುನಿರಾಜಣ್ಣನಿಗೆ ಆಗ ಅರವತ್ತರ ಹತ್ತಿರ. ಅವರ ಅಣ್ಣ ತಮ್ಮಂದಿರೆಲ್ಲ ರಾಗಿ ಹೊಲಗಳನ್ನು ಸೈಟು ಮಾಡಿ ದೊಡ್ಡವರಾದರೆ, ಇವರು ಮಾತ್ರ ಹದಿನೆಂಟನೇ ವಯಸ್ಸಿನಿಂದ ಮೈಕ್ ಸೆಟ್ ಇಟ್ಟುಕೊಂಡಿದ್ದರು. ಸುತ್ತಲಿನ ಊರುಗಳ ಮದುವೆ, ಗಣೇಶ, ಎಲೆಕ್ಷನ್, ಎಲ್ಲಕ್ಕೂ ಅವರದೇ ಹಾರನ್ನು, ಅವರದೇ ಬಾಕ್ಸು. ನಾಲ್ಕು ದಶಕ ಆ ಬಾಕ್ಸುಗಳ ಪಕ್ಕದಲ್ಲೇ ನಿಂತು ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯೂ ಒಂದೆರಡು ವರ್ಷ ಅಷ್ಟೇ ಎಂದು ಡಾಕ್ಟರು ಹೇಳಿದ್ದರಂತೆ.

ಮನೆಯ ಹಿಂದೆ ರಾಜಕಾಲುವೆ. ಮೇಲಿನ ಕೆರೆ ತುಂಬಿದರೆ ನೀರು ಕೆಳಗಿನ ಕೆರೆಗೆ ಹೋಗುವುದು ಅದರಲ್ಲೇ. ನಾನು ಹೋದಾಗ ಅದರಲ್ಲಿ ಕಪ್ಪು ನೀರು ಮೊಣಕಾಲುದ್ದ ಹರಿಯುತ್ತಿತ್ತು. ಕಾಲುವೆಯ ಆಚೆ ಮುನಿರಾಜಣ್ಣನ ಅಣ್ಣ ಕೆಂಪಣ್ಣ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದರು. ಲಾರಿ ಓಡಾಡಲು ದಾರಿ ಬೇಕೆಂದು ಒಂದು ಕಡೆ ಕಾಲುವೆಗೆ ಎರಡು ಸಿಮೆಂಟ್ ಪೈಪು ಇಟ್ಟು, ಮೇಲೆ ಮಣ್ಣು ಕಲ್ಲು ತುಂಬಿಸಿ ಮುಚ್ಚಿಸಿದ್ದರು. ಆ ಮಣ್ಣಿನ ದಾರಿಯ ಪಕ್ಕದ ತಗ್ಗಿನಲ್ಲಿ ಕೆಲಸಗಾರರ ತಗಡಿನ ಶೆಡ್ಡುಗಳು. ಅಲ್ಲಿಯ ವಾಚ್‌ಮನ್ ಮಲ್ಲಪ್ಪ, ಲಿಂಗಸುಗೂರು ಕಡೆಯವನು. ಮೊದಲ ದಿನವೇ ನನ್ನ ಮಾತು ಕೇಳಿ, "ಯಾ ಊರ್ರೀ ಅಕ್ಕಾರ?" ಅಂದ. ಗದಗ ಎಂದೆ. "ಹಂಗಾರ ನಮ್ಮವ್ರ ಆದ್ರಿ" ಎಂದು ಹೆಂಡತಿ ನಿಂಗಮ್ಮನನ್ನು ಕರೆದು ತೋರಿಸಿದ. ಕಾಲೇಜಿನಲ್ಲಿ ದಿನವಿಡೀ ನಾಲಿಗೆ ತಿದ್ದಿಕೊಂಡು ಮಾತಾಡಿ ಸಾಕಾದವಳಿಗೆ ಸಂಜೆ ಆ ಇಬ್ಬರ ಜೊತೆ ಐದು ನಿಮಿಷ ನಿಂತರೆ ದವಡೆ ಸಡಿಲಾಗುತ್ತಿತ್ತು.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಊಟ ಮಾಡಿ ಮಲಗಿದ್ದೆ. ಕೆಳಗಿನಿಂದ ಗಂಟೆ ಹೊಡೆದ ಸದ್ದು ಬಂತು. ಒಂದೇ ಒಂದು ಸಲ. ಆಮೇಲೆ ಇಡೀ ನೆಲ ನಡುಗುವ ಹಾಗೆ ಗಿಟಾರು, ಡ್ರಮ್ಮು, ಹಾರ್ಮೋನಿಯಂ ಅಣ್ಣನಂಥ ಇನ್ನೊಂದು ವಾದ್ಯ. ನನ್ನ ಕಿಟಕಿಯ ಸರಳು ಝಣಝಣ ಅಂದಿತು. ಧಾರವಾಡ ರೇಡಿಯೋದ ದಾಸರ ಪದ ಕೇಳಿ ಬೆಳೆದವಳು ನಾನು. ಇದು ಹಾಡೋ ಜಗಳವೋ ಗೊತ್ತಾಗಲಿಲ್ಲ. ಸಿಟ್ಟಿನಿಂದ ಕೆಳಗಿಳಿದೆ.

ಮುನಿರಾಜಣ್ಣ ಮೈಕ್ ಸೆಟ್ ಇಡುವ ರೂಮಿನಲ್ಲಿ ನೆಲದ ಮೇಲೆ ಕೂತಿದ್ದರು. ಎದುರಿಗೆ ಹಳೆಯ ರೆಕಾರ್ಡ್ ಪ್ಲೇಯರ್, ಪಕ್ಕದಲ್ಲಿ ಮುಚ್ಚಳವಿಲ್ಲದ ಆಂಪ್ಲಿಫೈಯರ್. ಎಡಗಿವಿಯನ್ನು ಬಾಕ್ಸಿಗೆ ಒತ್ತಿಕೊಂಡು, ಎರಡೂ ಅಂಗೈಗಳನ್ನು ಅದರ ಮೈಮೇಲೆ ಇಟ್ಟು, ಕಣ್ಣು ಮುಚ್ಚಿದ್ದರು. ರೂಮಿನ ತುಂಬ ಕಾದ ಧೂಳಿನ ವಾಸನೆ. ನಾನು ಬಂದದ್ದು ಗೊತ್ತಾಗಿ ಸೌಂಡು ತಗ್ಗಿಸಿ, "ಜೋರಾಯ್ತಾ ಟೀಚರಮ್ಮ? ನಂಗ್ ಗೊತ್ತಾಗಲ್ಲ, ತಪ್ಪು ತಿಳ್ಕೋಬೇಡಿ" ಅಂದರು. ಅವರ ಮುಖ ನೋಡಿ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು. ಅವರೇ ಮಾತು ಮುಂದುವರಿಸಿದರು.

"ಮೂವತ್ತು ವರ್ಷದಿಂದ ಕೇಳ್ತಾ ಇವ್ನಿ. ಆರ್‌.ಟಿ. ನಗರದಲ್ಲಿ ಒಬ್ರು ಮನೆ ಖಾಲಿ ಮಾಡ್ಕೊಂಡು ಆಸ್ಟ್ರೇಲಿಯಾಕ್ಕೆ ಓಗ್ತಾ ಇದ್ರು. ಅವ್ರ ಮಗಳ ಮದ್ವೆಗೆ ನಂದೇ ಮೈಕು. ಓಗುವಾಗ ಇದನ್ನ ಕೈಗಿಟ್ಟು, ಇಟ್ಕೋ ಮುನಿರಾಜು ಅಂದ್ರು. ಏನ್ ಏಳ್ತಾ ಅವ್ನೆ ಇವ್ನು ಅಂತ ಇವತ್ತಿಗೂ ಗೊತ್ತಿಲ್ಲ. ನೀವು ಇಂಗ್ಲಿಷ್ ಟೀಚರ್ರು. ಕಿವಿ ಪೂರ್ತಿ ಓಗೋಕ್ ಮುಂಚೆ ಒಂದ್ಸಲ ಏಳ್ಬಿಡಿ."

ಎರಡು ಪ್ಲೇಟಿನ, ನಾಲ್ಕು ಬದಿಯ ಆಲ್ಬಮ್ ಅದು. ಹೆಸರು ಹೇಳಿದರೆ ಅದರ ಅಭಿಮಾನಿಗಳು ಜಗಳಕ್ಕೆ ಬಂದಾರು, ಬಿಡಿ. ರಾಕ್ ಸಂಗೀತ ಬಲ್ಲವರು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ ಎಂದು ಆಮೇಲೆ ತಿಳಿಯಿತು. ಕವರಿನ ಮೇಲೆ ಹಸಿರುಗಪ್ಪು ನೀರು, ನೀರಿನಿಂದ ಮೇಲೆದ್ದ ಒಂದು ಚರ್ಚಿನ ಗೋಪುರದ ತುದಿ. ಒಳಗಿನ ಹಾಳೆಯಲ್ಲಿ ಹಾಡುಗಳೆಲ್ಲ ಅಚ್ಚಾಗಿದ್ದವು. ಅಲ್ಲಿ ಬಿಡಿ ಬಿಡಿ ಹಾಡುಗಳೇ ಇರಲಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಕತೆ. ನಮ್ಮ ಕಡೆ ಸಣ್ಣಾಟದವರು ಒಂದು ಪ್ರಸಂಗವನ್ನು ಹಾಡಿಕೊಂಡೇ ನಡೆಸುತ್ತಾರಲ್ಲ, ಹಾಗೆ. ಅದನ್ನೇ ಹೇಳಿದೆ. ಅವರಿಗೆ ಖುಷಿಯಾಯಿತು. "ನಾನ್ ಅನ್ಕೊಂಡಿದ್ದೆ, ಇದು ಒಂದೇ ಮನ್ಸನ ಸಮಾಚಾರ ಅಂತ" ಎಂದು ತೊಡೆ ತಟ್ಟಿಕೊಂಡರು.

ಅಂದಿನಿಂದ ಭಾನುವಾರದ ಮಧ್ಯಾಹ್ನಗಳು ಅದಕ್ಕೇ ಮೀಸಲಾದವು. ಜಯಮ್ಮ ಅಲಸಂದೆಕಾಳು ಬಿಡಿಸುತ್ತಲೋ ರಾಗಿ ಹಸನು ಮಾಡುತ್ತಲೋ ಬಾಗಿಲಲ್ಲಿ ಕೂತಿರುವರು. ಮುನಿರಾಜಣ್ಣ ಒಂದು ಹಾಡು ಹಾಕಿ, ಮುಳ್ಳು ಎತ್ತಿ, ನನ್ನ ಕಡೆ ಎಡಗಿವಿ ತಿರುಗಿಸುವರು. ನಾನು ಹಾಳೆ ನೋಡಿ ಕನ್ನಡದಲ್ಲಿ ಜೋರಾಗಿ ಹೇಳಬೇಕು. ಆಮೇಲೆ ಅದೇ ಹಾಡು ಇನ್ನೊಮ್ಮೆ.

ಕತೆ ಇಷ್ಟು. ಬೆಟ್ಟಗಳ ನಡುವೆ ಒಂದು ಕಣಿವೆ, ಅಲ್ಲೊಂದು ಊರು. ಅಣೆಕಟ್ಟು ಕಟ್ಟಲು ಬಂದವರು ಊರನ್ನು ಖಾಲಿ ಮಾಡಿಸುತ್ತಾರೆ. ಮೊದಲ ಬದಿಯಲ್ಲಿ ಎಲ್ಲರೂ ಸಂತೋಷದಿಂದ ಒಪ್ಪುತ್ತಾರೆ. ಎರಡನೆಯದರಲ್ಲಿ ಒಬ್ಬೊಬ್ಬರೇ ಗಾಡಿ ಕಟ್ಟಿಕೊಂಡು ಹೊರಡುತ್ತಾರೆ. ಚರ್ಚಿನ ಗಂಟೆ ಹೊಡೆಯುವ ಒಬ್ಬ ಮಾತ್ರ ಉಳಿಯುತ್ತಾನೆ. ನೀರು ಮೊದಲು ಹೊಲಕ್ಕೆ ಬರುತ್ತದೆ, ಆಮೇಲೆ ಅಂಗಳಕ್ಕೆ. ಅವನು ಗಂಟೆ ಹೊಡೆಯುತ್ತಲೇ ಇರುತ್ತಾನೆ.

ಎರಡನೇ ಬದಿಯ ಕೊನೆಯಲ್ಲಿ ಒಂದು ಗಿಟಾರು ಇತ್ತು. ಮಾತಿಲ್ಲ, ಬರೀ ಗಿಟಾರು. "ಇಲ್ಲಿ ಕೈ ಇಡಿ" ಎಂದು ಮುನಿರಾಜಣ್ಣ ನನ್ನ ಕೈಯನ್ನು ಬಾಕ್ಸಿನ ಮೇಲೆ ಇಡಿಸಿದರು. ಮರದೊಳಗಿಂದ ಆ ಸ್ವರ ಅಂಗೈಗೆ ಏರಿತು, ಮೊಣಕೈವರೆಗೆ ಬಂತು. ಮೈ ಜುಮ್ಮೆಂದಿತು. ಗದ್ದಲವೆಂದು ಬೈದುಕೊಂಡು ಬಂದವಳು ಜುಲೈ ಮುಗಿಯುವಷ್ಟರಲ್ಲಿ ಭಾನುವಾರಕ್ಕೆ ಕಾಯುವವಳಾದೆ. ಆದರೆ ಅದರ ಜೊತೆಗೇ ಒಂದು ಅಳುಕೂ ಶುರುವಾಗಿತ್ತು. ಯಾಕೆಂದರೆ ಹಾಳೆ ನನ್ನ ಕೈಯಲ್ಲಿತ್ತು, ನಾನು ಮುಂದಿನದನ್ನು ಓದಿಬಿಟ್ಟಿದ್ದೆ. ನಾಲ್ಕನೇ ಬದಿಯಲ್ಲಿ ಅವನು ಗೋಪುರದಿಂದ ಇಳಿಯುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಲ್ಲುತ್ತಾನೆ. ಗಂಟೆ ನೀರೊಳಗೆ ಬಡಿಯುತ್ತ ಬಡಿಯುತ್ತ ಮಂದವಾಗಿ ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು.

ಆಗಸ್ಟ್‌ನಲ್ಲಿ ಮಳೆ ಹಿಡಿಯಿತು. ಆ ವರ್ಷದ್ದು ಬೇರೆಯೇ ಮಳೆ. ಸಂಜೆ ಬಂದು ಹೋಗುವ ಬೆಂಗಳೂರಿನ ಮಳೆಯಲ್ಲ, ದಿನವಿಡೀ ಆಕಾಶ ಬೂದಿಬಣ್ಣದಲ್ಲೇ ಇರುವುದು. ಹೆಬ್ಬಾಳದ ಫ್ಲೈಓವರ್ ಕೆಳಗೆ ನೀರು ನಿಂತು ಕಾಲೇಜಿನ ಅರ್ಧ ಜನ ಬರುತ್ತಿರಲಿಲ್ಲ. ಆ ತಿಂಗಳ ಎರಡನೇ ಭಾನುವಾರ ಮೂರನೇ ಬದಿ ಶುರು ಮಾಡಿದೆವು. ಅದರ ನಡುವೆ ಒಂದು ಮೆತ್ತಗಿನ ಹಾಡು. ಗಂಟೆಯವನು ಊರು ಬಿಟ್ಟುಹೋದವರನ್ನೆಲ್ಲ ಬೈದು ಬೈದು, ಕೊನೆಗೆ ತಾನೊಂದು ಮಾತು ಒಪ್ಪಿಕೊಳ್ಳುತ್ತಾನೆ. ನಾನು ಯೋಚಿಸದೆ ಹೇಳಿಬಿಟ್ಟೆ.

"ಆ ಕಾಗದದ ಕೆಳಗೆ ನನ್ನ ಹೆಸರೂ ಇದೆ, ಅಂತಾನೆ."

ಮುನಿರಾಜಣ್ಣ ಕೇಳಿಸಲಿಲ್ಲವೇನೋ ಎಂಬಂತೆ ಕಿವಿಯನ್ನು ಇನ್ನೂ ಹತ್ತಿರ ತಂದರು. "ಇನ್ನೊಂದ್ಸಲ ಏಳಿ."

ಹೇಳಿದೆ. "ಅಣೆಕಟ್ಟು ಕಟ್ಟೋಕೆ ಒಪ್ಪಿಗೆ ಕೊಟ್ಟ ಕಾಗದಕ್ಕೆ ಅವನೂ ಸಹಿ ಹಾಕಿರ್ತಾನೆ. ಎಲ್ಲರಂಗೆ."

ಅವರು ಪ್ಲೇಟನ್ನು ಮತ್ತೆ ಹಾಕಲಿಲ್ಲ. ಆಂಪ್ಲಿಫೈಯರ್ ಆಫ್ ಮಾಡಿ ಎದ್ದು ಹಿತ್ತಲಿಗೆ ಹೋದರು. ಜಯಮ್ಮನ ಕೈಯಲ್ಲಿದ್ದ ಅಲಸಂದೆಕಾಯಿ ಹಾಗೇ ಇತ್ತು. ಆಕೆ ತಗ್ಗಿದ ದನಿಯಲ್ಲಿ ಹೇಳಿದರು. ಕಾಲುವೆ ಪಕ್ಕದ ಜಾಗ ಅಣ್ಣ ತಮ್ಮಂದಿರ ಜಂಟಿ ಹೆಸರಿನಲ್ಲಿತ್ತು. ಅಲ್ಲಿ ಹರಿಯುವ ನೀರೇನೂ ಇಲ್ಲ, ಹಳೇ ಹೊಲದ ಕಾಲುವೆ, ಮುಚ್ಚಿದರೆ ಯಾರಿಗೂ ತೊಂದರೆಯಿಲ್ಲ ಎಂದು ಬರೆದುಕೊಟ್ಟ ಕಾಗದಕ್ಕೆ ಕೆಂಪಣ್ಣನ ಜೊತೆ ಇವರದೂ ಸಹಿ ಬಿದ್ದಿತ್ತು. "ಅಣ್ಣ ಕೇಳ್ದ, ಆಕ್ಬಿಟ್ರು. ಓದೂ ನೋಡ್ಲಿಲ್ಲ" ಅಂದರು ಜಯಮ್ಮ.

ಮುಂದಿನ ಎರಡು ಭಾನುವಾರ ಮುನಿರಾಜಣ್ಣ ನನ್ನನ್ನು ಕರೆಯಲಿಲ್ಲ. ಬದಲಿಗೆ ಪ್ರತಿದಿನ ಬೆಳಗ್ಗೆ, ಸಂಜೆ, ಶಾಮಿಯಾನದ ಒಂದು ಗಳ ಹಿಡಿದು ಕಾಲುವೆಗೆ ಹೋಗಿ ನೀರಿನಲ್ಲಿ ನಿಲ್ಲಿಸಿ ನೋಡುತ್ತಿದ್ದರು. ಗಳದ ಮೇಲೆ ಇದ್ದಲಿನಿಂದ ಗೆರೆ ಹಾಕುವರು. ಮನೆಗೆ ಬಂದು ಆ ಗೆರೆಯನ್ನು ಗೋಡೆಗೆ ಹಿಡಿದು ನೋಡುವರು. ಪೈಪಿನ ಬಾಯಿಗೆ ಥರ್ಮಾಕೋಲು, ಪ್ಲಾಸ್ಟಿಕ್ಕು, ಹಾಸಿಗೆಯ ಹತ್ತಿ ಬಂದು ಸಿಕ್ಕಿಕೊಳ್ಳುತ್ತಿತ್ತು. ಮಲ್ಲಪ್ಪ ಮತ್ತು ಅವರು ಇಬ್ಬರೂ ಸೊಂಟದ ಮಟ್ಟ ಇಳಿದು ಎಳೆದು ಹಾಕುವರು, ಮರುದಿನ ಮತ್ತೆ ಅಷ್ಟೇ. "ಅಣ್ಣಾರ ಭಾಳ ಮನಸಿಗೆ ಹಚಗೊಂಡಾರ್ರೀ" ಅಂದ ಮಲ್ಲಪ್ಪ ನನಗೆ. ಅವರು ಊಟ ಕಡಿಮೆ ಮಾಡಿದರು. ಕೂಗಿದರೂ ತಿರುಗುತ್ತಿರಲಿಲ್ಲ. ಕಿವಿ ಕೇಳಿಸದೆಯೋ, ಬೇಡವಾಗಿಯೋ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಕೆಂಪಣ್ಣ ಬಂದರು. ಬಿಳಿ ಪಂಚೆ, ದೊಡ್ಡ ಗಾಡಿ. ಅಂಗಳದಲ್ಲೇ ನಿಂತು ತಮ್ಮನ ಜೊತೆ ಮಾತಿಗಿಳಿದರು. ಕಿವುಡನ ಜೊತೆಗಿನ ಜಗಳವಾದ್ದರಿಂದ ಬೀದಿಗೆಲ್ಲ ಕೇಳಿಸಿತು.

"ಆ ಮಣ್ಣು ತೆಗ್ಸು ಅಣ್ಣ. ಮೇಲಿನ ಕೆರೆ ತುಂಬೈತೆ. ಕೋಡಿ ಬಿದ್ರೆ ಎರಡು ಪೈಪಲ್ಲಿ ಓಗಲ್ಲ ನೀರು."

"ಮಳೆಗಾಲ ಕಳೀಲಿ ಕಣೋ. ಈಗ ತೆಗ್ಸಿದ್ರೆ ಲಾರಿ ಎಲ್ಲಿಂದ ಬರ್ತದೆ? ನಲವತ್ತು ವರ್ಷದಿಂದ ಕೋಡಿ ಬಿದ್ದಿಲ್ಲ."

"ಬೀಳ್ತದೆ. ಶೆಡ್ಡಲ್ಲಿ ಜನ ಅವ್ರೆ."

"ಯಾವ್ದೋ ಇಂಗ್ಲಿಷ್ ಆಡು ಕೇಳ್ಕೊಂಡು ನಂಗೆ ಬುದ್ಧಿ ಏಳೋಕ್ ಬರ್ತೀಯಾ?" ಎಂದವರು ತಲೆಯೆತ್ತಿ ಮಹಡಿಯಲ್ಲಿ ನಿಂತಿದ್ದ ನನ್ನನ್ನು ನೋಡಿದರು. "ಏನಮ್ಮಾ, ಪಾಠ ಮಾಡೋಕ್ ಕಾಲೇಜಿಲ್ವಾ ನಿಮ್ಗೆ?"

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬಾಡಿಗೆಯವಳು, ಹೊರಗಿನಿಂದ ಬಂದವಳು, ನನಗ್ಯಾಕೆ ಎಂದುಕೊಂಡೆ. ಎಲ್ಲಿಗಾದರೂ ಒಂದು ಅರ್ಜಿ ಬರೆದು ಕೊಡಬಹುದಿತ್ತು, ನಾನು ಬರೆಯಬಲ್ಲವಳು. ಬರೆಯಲಿಲ್ಲ. ಈ ಮಾತನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಸರಿಯಾಗುವುದಿಲ್ಲ.

ಅದಾದ ಮೇಲೆ ಜಯಮ್ಮ ಮೆಟ್ಟಿಲು ಹತ್ತಿ ಬಂದರು. ಆಕೆಗೆ ಮಂಡಿನೋವು, ಮೇಲೆ ಬಂದದ್ದೇ ಅದೊಂದು ಸಲ. ಉಸಿರು ಬಿಡುತ್ತ ನನ್ನ ಹಾಸಿಗೆಯ ಅಂಚಿನಲ್ಲಿ ಕೂತು, "ಆ ಗಂಟೆಯವ್ನು ಕೊನೆಗೆ ಏನಾಗ್ತಾನಮ್ಮ?" ಎಂದು ಕೇಳಿದರು. ಹೇಳಿದೆ. ಆಕೆಯ ಮುಖ ಸಣ್ಣಗಾಯಿತು. "ಅದನ್ನ ಇವ್ರಿಗೆ ಏಳ್ಬೇಡಿ. ನಿಮ್ ಕಾಲಿಗ್ ಬೀಳ್ತೀನಿ. ಮೊನ್ನೆ ಕಾಲುವೆ ಅತ್ರ ನಿಂತವ್ರು ಒಂದ್ ಗಂಟೆ ಅಲ್ಲಾಡ್ಲಿಲ್ಲ. ಕೇಳಿದ್ರೆ, ನಾನೂ ಅಲ್ವಾ ಜಯ, ನಾನೂ ಅಲ್ವಾ, ಅಂತಾರೆ."

ಮುಂದಿನ ಭಾನುವಾರ ಮುನಿರಾಜಣ್ಣ ತಾವೇ ಕರೆದರು. ಹೊರಗೆ ಮಳೆ. ನಾಲ್ಕನೇ ಬದಿ ಹಾಕಿದರು. ಹಾಳೆ ಹಿಡಿದು ನಾನು ಇಲ್ಲದ್ದನ್ನು ಓದಿದೆ. ನೀರು ಗೋಪುರದ ಮೆಟ್ಟಿಲಿಗೆ ಬರುತ್ತದೆ, ಆಗ ದೂರದಲ್ಲಿ ಒಂದು ದೋಣಿ ಕಾಣುತ್ತದೆ, ಗಂಟೆಯ ಸದ್ದು ಕೇಳಿಯೇ ಅವರು ದಾರಿ ಹುಡುಕಿಕೊಂಡು ಬಂದಿರುತ್ತಾರೆ, ಅವನು ಇಳಿದು ದೋಣಿ ಹತ್ತುತ್ತಾನೆ. ಹೇಳುತ್ತ ಹೇಳುತ್ತ ಆ ದೋಣಿಗೆ ಬಣ್ಣವನ್ನೂ ಬಳಿದೆ. ಮುನಿರಾಜಣ್ಣ ಬಾಕ್ಸಿನ ಮೇಲೆ ಕೈಯಿಟ್ಟು ಕೊನೆಯವರೆಗೂ ಕೇಳಿದರು. ಮುಳ್ಳು ಎತ್ತಿದ ಮೇಲೆ "ಒಳ್ಳೇದಾಯ್ತು ಬಿಡಿ" ಅಂದರು. ಜಯಮ್ಮ ನನ್ನ ಕಡೆ ನೋಡಿದರು. ನನಗೆ ಆಕೆಯ ಕಣ್ಣು ತಪ್ಪಿಸುವಂತಾಯಿತು.

ಸೆಪ್ಟೆಂಬರ್‌ನ ಮೊದಲ ವಾರ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಬೆಳಗ್ಗೆ ಆರಕ್ಕೆ ಎಚ್ಚರವಾಯಿತು. ಮಳೆ ನಿಂತಿತ್ತು. ಅದಕ್ಕೇ ಎಚ್ಚರವಾಗಿದ್ದು. ಏರ್‌ಫೋರ್ಸ್ ಕಡೆಯಿಂದ ದಿನಾ ಬರುವ ವಿಮಾನದ ಸದ್ದೂ ಇಲ್ಲ, ಹಕ್ಕಿಯೂ ಇಲ್ಲ. ಕೆಳಗೆ ಮಾತ್ರ ಯಾರೋ ಬಿಂದಿಗೆಯನ್ನು ನೆಲದ ಮೇಲೆ ಮೆಲ್ಲಗೆ ಎಳೆದಂಥ ಸದ್ದು. ಕಿಟಕಿ ತೆಗೆದರೆ ಅಂಗಳವೇ ಇರಲಿಲ್ಲ. ಕಂದುಬಣ್ಣದ ನೀರು ಮನೆಯ ಹೊಸ್ತಿಲು ದಾಟುತ್ತಿತ್ತು, ಗ್ಯಾಸ್ ಸಿಲಿಂಡರ್ ಒಂದು ತೇಲಿಕೊಂಡು ಗೇಟಿಗೆ ಬಡಿಯುತ್ತಿತ್ತು.

ಓಡಿ ಇಳಿದೆ. ಮುನಿರಾಜಣ್ಣ ಆಗಲೇ ಜಯಮ್ಮನನ್ನು ಹೊತ್ತುಕೊಂಡು ಅರ್ಧ ಮೆಟ್ಟಿಲು ಹತ್ತಿದ್ದರು. "ಇಡ್ಕಳಿ" ಎಂದು ನನಗೆ ಒಪ್ಪಿಸಿ ಮತ್ತೆ ಇಳಿದರು. ಪ್ಲೇಟು ತರಲು ಹೋದರು ಎಂದುಕೊಂಡು, "ಬಿಡ್ರೀ ಅದನ್ನ!" ಎಂದು ಕಿರುಚಿದೆ. ಅವರಿಗೆ ಕೇಳಿಸಲಿಲ್ಲ. ವಾಪಸು ಬಂದಾಗ ಹೆಗಲ ಮೇಲೆ ಒಂದು ಹಾರನ್ನು, ಕಂಕುಳಲ್ಲಿ ಬ್ಯಾಟರಿ ಆಂಪ್ಲಿಫೈಯರ್, ಹಲ್ಲಿನಲ್ಲಿ ಮೈಕಿನ ವೈರು. ತಾರಸಿಗೆ ಹೋಗಿ ಹಾರನ್ನನ್ನು ಕಾಲುವೆಯ ಕಡೆ ತಿರುಗಿಸಿ ಕೂಗಿದರು.

"ಶೆಡ್ಡಿನವ್ರು ಏಳ್ರಪ್ಪಾ! ಕೋಡಿ ಬಿದ್ದೈತೆ! ಮಲ್ಲಪ್ಪಾ, ಎಲ್ಲಾರ್ನೂ ಎಬ್ಬಿಸೋ! ಮಣ್ಣಿನ ದಾರಿ ಮೇಲೆ ಬರ್ಬೇಡಿ, ಅದು ಕುಸೀತದೆ! ಕಟ್ಟಡದ ಮೇಲಕ್ಕೆ ಅತ್ತಿ!"

ತಾರಸಿಯಿಂದ ಎಲ್ಲ ಕಾಣುತ್ತಿತ್ತು. ಪೈಪುಗಳ ಬಾಯಿ ಕಟ್ಟಿ, ಮಣ್ಣಿನ ದಾರಿಯ ಹಿಂದೆ ನೀರು ಕೆರೆಯ ಹಾಗೆ ನಿಂತು, ಸುತ್ತು ಬಳಸಿ ಎರಡೂ ಕಡೆ ಹರಿಯುತ್ತಿತ್ತು. ಶೆಡ್ಡುಗಳ ತಗಡಿನ ಬಾಗಿಲುಗಳು ತೆರೆದವು. ಜನ ನಿದ್ದೆಗಣ್ಣಲ್ಲಿ ಮಕ್ಕಳನ್ನು ಎತ್ತಿಕೊಂಡು ಸೊಂಟಮಟ್ಟದ ನೀರಿನಲ್ಲಿ ಬಂದರು. ಮಲ್ಲಪ್ಪ ಒಂದು ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ದಾಟಿಸುತ್ತಿದ್ದ. ನಿಂಗಮ್ಮನನ್ನೂ ದಾಟಿಸಿದ. ಆಕೆ ಕಟ್ಟಡದ ಮೆಟ್ಟಿಲು ಮುಟ್ಟಿದಳು. ಅವನೂ ಮುಟ್ಟಿದ.

ಆಮೇಲೆ ಅವನು ತಿರುಗಿ ನೋಡಿದ. ಶೆಡ್ಡಿನ ಪಕ್ಕದ ಕಂಬದಿಂದ ಕಟ್ಟಡಕ್ಕೆ ಹೋಗುವ ವೈರುಗಳು ಜೋತು ನೀರಿಗೆ ತಾಗುವಂತಿದ್ದವು. ಇನ್ನೂ ಏಳೆಂಟು ಜನ ನೀರಿನಲ್ಲೇ ಹಗ್ಗ ಹಿಡಿದು ಮೇಲೆ ಹತ್ತಲು ಕಾಯುತ್ತಿದ್ದರು. ಅವನು ನಮ್ಮ ಕಡೆ ಕೈ ಎತ್ತಿ, ಕಂಬದ ಮೇಲಿನ ಕರೆಂಟ್ ಬೋರ್ಡಿನ ಹ್ಯಾಂಡಲ್ ಎಳೆದು ಆಫ್ ಮಾಡುವ ಸನ್ನೆ ಮಾಡಿ, ಮತ್ತೆ ನೀರಿಗಿಳಿದ.

"ಬೇಡ ಮಲ್ಲಪ್ಪಾ! ವಾಪಸ್ ಬಾ! ಬಾರೋ!" ಮುನಿರಾಜಣ್ಣನ ದನಿ ಹಾರನ್ನಿನಿಂದ ಇಡೀ ಯಲಹಂಕಕ್ಕೆ ಕೇಳಿಸುವಷ್ಟು ಜೋರಾಗಿತ್ತು.

ಅವನು ಬೋರ್ಡಿನವರೆಗೂ ಹೋದ. ಮಣ್ಣಿನ ದಾರಿ ಒಡೆದದ್ದು ಆಗ. ದೊಡ್ಡ ಸದ್ದೇನೂ ಆಗಲಿಲ್ಲ. ಲಾರಿಯಿಂದ ಜಲ್ಲಿ ಸುರಿದಂತಾಯಿತು. ಕಾಂಪೌಂಡ್ ಗೋಡೆ ವಾಲಿತು, ಬಿತ್ತು. ಶೆಡ್ಡುಗಳಿದ್ದ ಜಾಗದಲ್ಲಿ ಬರೀ ನೀರು. ಮುನಿರಾಜಣ್ಣ ಮೈಕು ಬಿಡದೆ ಕೂಗುತ್ತಲೇ ಇದ್ದರು. ಜಯಮ್ಮ ಕುಂಟುತ್ತ ಹೋಗಿ ಅವರ ಕೈಯಿಂದ ಮೈಕು ಬಿಡಿಸಬೇಕಾಯಿತು.

ಮಲ್ಲಪ್ಪ ಮರುದಿನ ಮಧ್ಯಾಹ್ನ ಕೆಳಗಿನ ಕೆರೆಯ ಅಂಚಿನಲ್ಲಿ ಸಿಕ್ಕಿದ. ಬೋರ್ಡಿನ ಹ್ಯಾಂಡಲ್ ಕೆಳಗೆ ಎಳೆದೇ ಇತ್ತು. ನೀರಿನಲ್ಲಿದ್ದ ಏಳೆಂಟು ಜನರಿಗೆ ಏನೂ ಆಗಿರಲಿಲ್ಲ.

ನೀರು ಇಳಿಯಲು ಎರಡು ದಿನ ಬೇಕಾಯಿತು. ಮೈಕ್ ಸೆಟ್ಟಿನ ರೂಮಿನಲ್ಲಿ ಗೋಡೆಯ ಎದೆಮಟ್ಟದವರೆಗೆ ಕೆಸರಿನ ಗೆರೆ. ಬಾಕ್ಸುಗಳೆಲ್ಲ ಉಬ್ಬಿ ಬಿರಿದಿದ್ದವು. ಪ್ಲೇಟುಗಳ ಕವರು ಮುದ್ದೆಯಾಗಿ ಗೋಡೆಗೆ ಅಂಟಿತ್ತು. ಉಳಿದದ್ದನ್ನು ತಾರಸಿಯ ಮೇಲೆ ಬಿಸಿಲಿಗೆ ಹರಡುತ್ತ ಮುನಿರಾಜಣ್ಣ ನನ್ನನ್ನು ಹತ್ತಿರ ಕರೆದರು. ಆ ಬೆಳಗಿನ ನಂತರ ಎಡಗಿವಿಗೂ ಬಹುತೇಕ ಏನೂ ಕೇಳಿಸುತ್ತಿರಲಿಲ್ಲ.

"ದೋಣಿ ಬರಲ್ಲ ಅಲ್ವಾ, ಅದ್ರಲ್ಲಿ?"

ನಾನು ತಲೆ ತಗ್ಗಿಸಿ, ಇಲ್ಲ ಎಂದು ಆಡಿಸಿದೆ.

"ನಂಗ್ ಗೊತ್ತಿತ್ತು. ಗಂಟೆ ಸೌಂಡು ನೀರಿನೊಳಗಿಂದ ಬರ್ತದೆ ಟೀಚರಮ್ಮ, ಮಂದ ಆಗ್ತದೆ. ಅದಕ್ಕೆ ಇಂಗ್ಲಿಷ್ ಬೇಕಾ? ಮೂವತ್ತು ವರ್ಷ ಕೈ ಇಟ್ಟು ಕೇಳಿವ್ನಿ. ಜಯ ಏಳ್ಕೊಟ್ಟಿರ್ತಾಳೆ ಅಂತ ಸುಮ್ನಾದೆ." ಒಂದು ಒದ್ದೆ ವೈರನ್ನು ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಆ ಗಂಟೆಯವ್ನು ಮುಳುಗಿ ಬಚಾವಾದ" ಅಂದರು. "ನಾನ್ ಬದ್ಕಿವ್ನಲ್ಲ. ನಾನ್ ಓಗಿ ಸಹಿ ಆಕಿದ್ದು ಏಳ್ಬೇಕು."

ಕೆಂಪಣ್ಣನ ಕಡೆಯವರು ಬಂದು ಹೇಳುವಷ್ಟು ಹೇಳಿದರು. ಮನೆತನದ ಮರ್ಯಾದೆ, ಅಣ್ಣನ ಮೇಲೆ ಕೇಸು, ನಿನ್ನ ಸಹಿಯೂ ಇದೆ, ನಿನ್ನನ್ನೂ ಎಳೆಯುತ್ತಾರೆ. ಜಯಮ್ಮನೂ ಅತ್ತರು. ಮುನಿರಾಜಣ್ಣ ಯಾರ ಮಾತಿಗೂ ತಲೆಯಾಡಿಸಲಿಲ್ಲ.

ಆ ವಾರ, ಆಲ್ಬಮ್ ಹಾಳಾದದ್ದಕ್ಕೋ ಏನೋ, ನಾನು ಅದನ್ನು ಫೋನಿನಲ್ಲಿ ಹುಡುಕಿ ಒಬ್ಬಳೇ ಕೇಳಿದೆ. ಸಿಟ್ಟು ಬಂತು. ಎಲ್ಲೋ ಬೆಚ್ಚಗಿನ ಸ್ಟುಡಿಯೋದಲ್ಲಿ ಕೂತವನೊಬ್ಬ ಒಬ್ಬ ಮನುಷ್ಯ ಮುಳುಗುವುದಕ್ಕೆ ಎಂಟು ನಿಮಿಷದ ಗಿಟಾರು ಇಟ್ಟಿದ್ದಾನೆ. ಮಲ್ಲಪ್ಪನಿಗೆ ಅಷ್ಟು ಹೊತ್ತು ಸಿಗಲಿಲ್ಲ. ಅಲ್ಲಿ ಡೀಸೆಲ್ ವಾಸನೆ ಇತ್ತು, ತಗಡಿನ ಸದ್ದಿತ್ತು, ಒಂದು ಚಪ್ಪಲಿ ತೇಲುತ್ತಿತ್ತು. ತಪ್ಪು ಒಪ್ಪಿಕೊಂಡವನನ್ನು ಸಾಯಿಸಿಬಿಟ್ಟರೆ ಹಾಡು ಚಂದ ಮುಗಿಯುತ್ತದೆ, ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಇಷ್ಟೆಲ್ಲ ಬೈದುಕೊಳ್ಳುತ್ತಿದ್ದವಳಿಗೆ ಎರಡನೇ ಬದಿಯ ಆ ಗಿಟಾರು ಬಂದಾಗ ಮೈ ಮತ್ತೆ ಜುಮ್ಮೆಂದಿತು. ನನ್ನ ಮೇಲೇ ಅಸಹ್ಯವಾಯಿತು. ಆದರೂ ಒಂದು ಮಾತು ಒಪ್ಪಬೇಕು. ಮೂರನೇ ಬದಿಯ ಆ ಒಂದು ಸಾಲು ಇಲ್ಲದಿದ್ದರೆ ಮುನಿರಾಜಣ್ಣ ಗಳ ಹಿಡಿದು ಕಾಲುವೆಗೆ ಹೋಗುತ್ತಿರಲಿಲ್ಲ, ಆ ಬೆಳಗ್ಗೆ ಆರಕ್ಕೆ ಎಚ್ಚರವಾಗಿಯೂ ಇರುತ್ತಿರಲಿಲ್ಲ. ಶೆಡ್ಡುಗಳಲ್ಲಿ ಮೂವತ್ತಕ್ಕೂ ಮೇಲೆ ಜನ ಇದ್ದರು. ಆ ಆಲ್ಬಮ್ಮನ್ನು ಇವತ್ತಿಗೂ ನಾನು ಹೊಗಳಲಾರೆ. ಬಿಟ್ಟುಹಾಕಲೂ ಆಗಿಲ್ಲ.

ವಿಚಾರಣೆಗೆ ಕರೆದ ದಿನ ಮುನಿರಾಜಣ್ಣನ ಜೊತೆ ನಾನು ಹೋದೆ. ಅವರಿಗೆ ಪ್ರಶ್ನೆ ಕೇಳಿಸುವುದಿಲ್ಲವಲ್ಲ, ಬರೆದು ತೋರಿಸಲು ಒಬ್ಬರು ಬೇಕಿತ್ತು. ಹೊರಗಿನ ಬೆಂಚಿನ ಮೇಲೆ ನಿಂಗಮ್ಮ ಕೂತಿದ್ದಳು, ಆಕೆಯನ್ನೂ ಕರೆಸಿದ್ದರು. ಒಳಗೆ ಅಧಿಕಾರಿ ಕೇಳಿದ್ದನ್ನು ನಾನು ದೊಡ್ಡ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದು ಎದುರಿಗೆ ಹಿಡಿಯುತ್ತ ಹೋದೆ. ಕಾಲುವೆಯಲ್ಲಿ ನೀರು ಹರಿಯುವುದಿಲ್ಲ ಎಂದು ಬರೆದುಕೊಟ್ಟಿರಾ? ಹರಿಯುವುದು ನಿಮಗೆ ಗೊತ್ತಿತ್ತಾ?

"ಗೊತ್ತಿತ್ತು ಸಾರ್. ಚಿಕ್ಕೋನಿದ್ದಾಗಿಂದ ನೋಡಿವ್ನಿ. ಅಣ್ಣ ಕೇಳ್ದ ಅಂತ ಸಹಿ ಆಕ್ದೆ. ನನ್ ಕೈಯಾರೆ ಆಕ್ದೆ."

ತನ್ನ ದನಿ ತನಗೇ ಕೇಳದ ಮನುಷ್ಯ, ಕೂಗಿಯೇ ಹೇಳಿದರು. ಹೊರಗಿನ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹೊರಗೆ ಬಂದಾಗ ನಿಂಗಮ್ಮ ಎದ್ದು ನಿಂತಿದ್ದಳು. ಗದ್ದಲದಲ್ಲಿ ಆಕೆಗೆ ಮಾತು ಸರಿಯಾಗಿ ತಿಳಿದಿರಲಿಲ್ಲ. ಮುನಿರಾಜಣ್ಣ ಆಕೆಯ ಎದುರು ಕೈಮುಗಿದು ನಿಂತರು. ಆಕೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅವ್ರು ಒಳಗ ಏನ್ ಹೇಳಿದ್ರು ಅಕ್ಕಾರ?"

ಹೇಳಿದೆ. ನಮ್ಮ ಕಡೆಯ ಮಾತಿನಲ್ಲೇ, ಅವರು ಹೇಳಿದ್ದನ್ನೆಲ್ಲ, ಒಂದನ್ನೂ ಬಿಡದೆ, ಏನನ್ನೂ ಸೇರಿಸದೆ. ನೀರು ಬರುತ್ತದೆ ಎಂದು ಗೊತ್ತಿದ್ದೂ ಅರ್ಜಿ ಬರೆಯದೆ ಬಾಗಿಲು ಹಾಕಿಕೊಂಡವಳು ನಾನು ಎಂಬುದನ್ನೂ ಹೇಳಿದೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮುನಿರಾಜಣ್ಣನ ಮುಗಿದ ಕೈಗಳನ್ನೂ ನೋಡಲಿಲ್ಲ.

"ಊರಿಗೆ ಹೋಗೂ ಬಸ್ ಎಲ್ಲಿ ನಿಂದರ್ತಾವ್ರಿ?" ಎಂದಳು.

ನಾವಿಬ್ಬರೂ ಆಕೆಯ ಜೊತೆ ನಡೆದೆವು. ಆಕೆಯ ಬಟ್ಟೆಯ ಗಂಟನ್ನು ತಾನು ಹಿಡಿದುಕೊಳ್ಳುತ್ತೇನೆ ಎಂದು ಮುನಿರಾಜಣ್ಣ ಕೈ ಚಾಚಿದರು. ಆಕೆ ಕೊಡಲಿಲ್ಲ. ಬಸ್ಸು ಬರುವವರೆಗೂ ಮೂವರೂ ರಸ್ತೆಯ ಅಂಚಿನಲ್ಲಿ ನಿಂತಿದ್ದೆವು. ಬಂತು. ಆಕೆ ಹತ್ತಿ, ಆಚೆ ಬದಿಯ ಕಿಟಕಿಯ ಹತ್ತಿರ ಹೋಗಿ ಕೂತಳು.